ಮುಚ್ಚಿದ ಕಿಟಕಿಯೊಳಗೆ ತುಡುವೆ: ಉಡುಪಿಯ ಒಂದು ಮನೆಯ ಪ್ರಕರಣ

ಇದು ಉಡುಪಿಯಿಂದ ಹಿರಿಯಡ್ಕದ ಕಡೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ ಇರುವ ಒಂದು ಮನೆಯಲ್ಲಿ ನಡೆದದ್ದು. ಮನೆಯವರ ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ, ಕೆಲವು ಬದಲಿಸಿದ್ದೇನೆ. ಜೇನು ಏನು ಮಾಡಿತು, ಮನೆಯವರು ಏನು ಮಾಡಿದರು, ಯಾವುದರ ನಂತರ ಯಾವುದು ಆಯಿತು ಎಂಬುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ತೋಟದಲ್ಲಿ ಜೇನು ಸಾಕುವವನಾದ್ದರಿಂದ "ನಮ್ಮ ಮನೆಗೆ ಜೇನು ಬಂದಿದೆ, ತೆಗೆಯಬೇಕಿತ್ತು" ಎಂಬ ಕರೆ ನನಗೆ ಪ್ರತಿ ವರ್ಷ ಬರುತ್ತದೆ. ಅವುಗಳಲ್ಲಿ ಇದನ್ನೇ ಬರೆಯಲು ಒಂದು ಕಾರಣ ಇದೆ. ಜೇನು ಓಡಿಸಲು ಜನ ಸಾಮಾನ್ಯವಾಗಿ ಏನೇನು ಮಾಡುತ್ತಾರೋ ಅದೆಲ್ಲ ಈ ಒಂದೇ ಮನೆಯಲ್ಲಿ ನಡೆದಿತ್ತು, ಒಂದೊಂದರ ಫಲವೂ ಎದುರಿಗೇ ಕಾಣುವಂತಿತ್ತು.

ಮನೆ ಮತ್ತು ಗೂಡು

ಹಳೆಯ ಮನೆ. ಕೆಂಪುಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಮೇಲೆ ಉಪ್ಪರಿಗೆ. ಇರುವವರು ವಯಸ್ಸಾದ ದಂಪತಿ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮನೆಯ ಪಕ್ಕದಲ್ಲೇ ಹಟ್ಟಿ, ಅದರಲ್ಲಿ ಒಂದು ದನ ಮತ್ತು ಕರು.

ಕೆಲವು ವರ್ಷದ ಹಿಂದೆ ಉಪ್ಪರಿಗೆಯ ಪಡುವಣ ಕೋಣೆಗೆ ಏಸಿ ಹಾಕಿಸಿದ್ದರು. ಆಗ ಒಂದು ಕಿಟಕಿ ಬೇಡ ಅಂತಾಯಿತು. ಹೊರಗಿನ ಮರದ ಬಾಗಿಲುಗಳಿಗೆ ಚಿಲಕ ಹಾಕಿ, ಒಳಗಿನಿಂದ ಪ್ಲೈವುಡ್ ಹೊಡೆದು, ಅದರ ಮುಂದೆ ಬಟ್ಟೆಯ ಕಪಾಟು ಇಟ್ಟುಬಿಟ್ಟರು. ಮರದ ಬಾಗಿಲಿಗೂ ಪ್ಲೈವುಡ್‌ಗೂ ನಡುವೆ ಗೋಡೆಯ ದಪ್ಪದಷ್ಟು ಜಾಗ ಖಾಲಿ ಉಳಿಯಿತು. ಬಾಗಿಲಿನ ಕೆಳಮೂಲೆಯಲ್ಲಿ ಮರ ಕುಂಬಾಗಿ ಒಂದು ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಕತ್ತಲೆ, ಮಳೆ ನೀರು ತಾಗದ ಜಾಗ, ಕಾಯಲು ಸುಲಭವಾದ ಸಣ್ಣ ಬಾಯಿ. ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕಲು ಬರುವ ನಮ್ಮ ಊರ ಜೇನು, ಕಾಡಿನಲ್ಲಿ ಮರದ ಪೊಟರೆ ಹುಡುಕುವಾಗ ನೋಡುವುದು ಇದನ್ನೇ. ನಮ್ಮ ಕರಾವಳಿಯ ಹಳೆ ಮನೆಗಳಲ್ಲಿ ಹೀಗೆ ಮುಚ್ಚಿಟ್ಟ ಕಿಟಕಿ, ಮರದ ಮುಚ್ಚಿಗೆಯ ಮೇಲಿನ ಸಂದು, ಬಳಸದ ಮೀಟರ್ ಪೆಟ್ಟಿಗೆ ಬೇಕಾದಷ್ಟು ಇರುತ್ತವೆ. ರಿಪೇರಿ ಮಾಡಿಸುವಾಗ ಇದು ಯಾರ ತಲೆಗೂ ಹೊಳೆಯುವುದಿಲ್ಲ.

ಡಿಸೆಂಬರ್ ಹೊತ್ತಿಗೆ ಸಂದಿನ ಹತ್ತಿರ ಜೇನುನೊಣ ಹಾರುವುದನ್ನು ಅಜ್ಜ ನೋಡಿದ್ದರು. ಅದು ಕುಟುಂಬಗಳು ಪಾಲಾಗುವ ಕಾಲ. ಹಳೆ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊಸ ಜಾಗಕ್ಕೆ ಹೊರಡುತ್ತದೆ. "ಬಂದ ಜೇನನ್ನು ಓಡಿಸಬಾರದು" ಎಂದು ಅಜ್ಜ ಸುಮ್ಮನಾದರು. ಎರಡು ತಿಂಗಳು ಯಾರಿಗೂ ತೊಂದರೆ ಆಗಲಿಲ್ಲ. ಫೆಬ್ರವರಿಯಲ್ಲಿ ಎರಡು ವಿಷಯ ಒಟ್ಟಿಗೆ ಬಂದವು. ರಾತ್ರಿ ಕೋಣೆಯ ಟ್ಯೂಬ್‌ಲೈಟಿಗೆ ಒಂದೊಂದು ನೊಣ ಬರತೊಡಗಿ ಸಣ್ಣ ಹುಡುಗನಿಗೆ ಕುಟುಕಿತು. ಇನ್ನೊಂದು, ದೊಡ್ಡ ಹುಡುಗನ ಉಪನಯನ ನಿಗದಿಯಾಗಿತ್ತು. ಚಪ್ಪರ ಹಾಕುವ ಜಾಗ ಅದೇ ಕಿಟಕಿಯ ಕೆಳಗಿನ ಅಂಗಳ. ಹೋಮದ ಹೊಗೆ, ಚೆಂಡೆ, ವಾಲಗ, ಇನ್ನೂರು ಮುನ್ನೂರು ಜನ. ಜೇನನ್ನು ಹಾಗೇ ಬಿಡಲು ಆಗುವುದಿಲ್ಲ ಎಂದು ಮನೆಯವರಿಗೆ ಅನಿಸಿದ್ದು ಸರಿಯೇ ಆಗಿತ್ತು.

ಮೊದಲು ಮಾಡಿದ್ದು

ಮೊದಲು ಮಗ ಸೊಳ್ಳೆಗೆ ಹೊಡೆಯುವ ಸ್ಪ್ರೇಯನ್ನು ಸಂದಿನೊಳಗೆ ಬಿಟ್ಟರು. ಬಾಯಿಯ ಹತ್ತಿರ ಇದ್ದ ನೊಣಗಳು ಸತ್ತು ಮಾಡಿನ ಹಂಚಿನ ಮೇಲೆ ಬಿದ್ದವು. ಒಳಗಿನ ನೊಣಗಳಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ. ಮಾರನೇ ದಿನ ಹಾರಾಟ ಮೊದಲಿನ ಹಾಗೇ ಇತ್ತು.

ಆಮೇಲೆ ತೋಟದ ಕೆಲಸಕ್ಕೆ ಬರುವವರೊಬ್ಬರು ಸಂಜೆ ಒಣ ಮಡಲಿನ ಸೂಟೆ ಕಟ್ಟಿ ಹೊಗೆ ಹಾಕಿದರು. ಹೊಗೆಗೆ ಜೇನು ಓಡಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ತುಂಬಾ ಗಟ್ಟಿ. ತೆರೆದ ಜಾಗದಲ್ಲಿ ಎರಿ (ಮೇಣದ ಹಲ್ಲೆ) ಕಟ್ಟುವ ಜೇನಿನಲ್ಲಿ ಅದು ಸ್ವಲ್ಪ ಹೊತ್ತಿಗೆ ನಿಜ ಅನಿಸಬಹುದು. ಪೊಟರೆಯಲ್ಲಿ ಮರಿ, ಜೇನುತುಪ್ಪ ಇಟ್ಟುಕೊಂಡ ತುಡುವೆ ಹೊಗೆ ಬಂದರೆ ಮೊದಲು ಹೊಟ್ಟೆ ತುಂಬ ತುಪ್ಪ ಹೀರಿ ಎರಿಗಳ ನಡುವೆ ಒತ್ತಿಕೊಂಡು ಕೂರುತ್ತದೆ. ಈ ಮನೆಯಲ್ಲೂ ಅದೇ ಆಯಿತು. ಅದಕ್ಕಿಂತ ಹೆದರಿಕೆಯ ಸಂಗತಿ, ಫೆಬ್ರವರಿಯ ಒಣ ಹವೆಯಲ್ಲಿ ನೂರು ವರ್ಷದ ಮರದ ಕಿಟಕಿಯ ಕೆಳಗೆ ಉರಿಯುವ ಸೂಟೆ ಹಿಡಿದು ನಿಂತದ್ದು. ಪಕ್ಕಾಸು, ರೀಪು ಎಲ್ಲ ಅಲ್ಲೇ ಇವೆ. ಕಿಡಿಯೊಂದು ಹಾರಿದ್ದರೆ ಉಪನಯನದ ಮಾತು ಬಿಡಿ, ಮನೆಯೇ ಉಳಿಯುತ್ತಿರಲಿಲ್ಲ.

ಮೂರನೆಯದಾಗಿ ಮಾಡಿದ ಕೆಲಸವೇ ಪ್ರಕರಣವನ್ನು ಕೆಡಿಸಿತು. ರಾತ್ರಿ ನೊಣಗಳೆಲ್ಲ ಒಳಗಿರುವಾಗ ಏಣಿ ಇಟ್ಟು ಎಂ-ಸೀಲ್ ಮೆತ್ತಿ ಸಂದು ಮುಚ್ಚಿದರು. ಒಳಗೇ ಸಾಯಲಿ ಎಂಬ ಲೆಕ್ಕ.

ಬೆಳಿಗ್ಗೆ ಬೆಳಕು ಹರಿದಾಗ ಜೇನು ಬಾಯಿ ಹುಡುಕಿತು. ಬಾಯಿ ಇಲ್ಲ. ಎಲ್ಲಿ ಗಾಳಿ ಆಡುತ್ತದೋ, ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಆ ಕಡೆ ತೂರಿಕೊಂಡು ಹೋಯಿತು. ಪ್ಲೈವುಡ್‌ನ ಪಕ್ಕದಲ್ಲಿ ಏಸಿ ಪೈಪಿಗೆ ಕೊರೆದ ತೂತು ಇತ್ತು. ಅದರಿಂದ, ಕಪಾಟಿನ ಹಿಂದಿನಿಂದ, ಸ್ವಿಚ್ ಬೋರ್ಡಿನ ಅಂಚಿನಿಂದ ನೊಣಗಳು ಕೋಣೆಯೊಳಗೆ ಬಂದವು. ಕೋಣೆ ಗುಡಿಸಲು ಹೋದ ಅಜ್ಜಿಯ ಮುಖ, ಕುತ್ತಿಗೆ, ಕೈಗೆ ಕುಟುಕಿದವು. ಅವರು ಸೆರಗು ಬೀಸಿದರು. ಬೀಸಿದಷ್ಟೂ ಜಾಸ್ತಿ ಬಂದವು. ಕುಟುಕಿದ ಜಾಗದಲ್ಲಿ ಉಳಿಯುವ ಮುಳ್ಳಿನಿಂದ ಒಂದು ವಾಸನೆ ಹೊರಡುತ್ತದೆ, ಮಾಗಿದ ಬಾಳೆಹಣ್ಣಿನ ವಾಸನೆ. ಮನುಷ್ಯರ ಮೂಗಿಗೂ ಅದು ತಿಳಿಯುತ್ತದೆ. ಬೇರೆ ನೊಣಗಳಿಗೆ ಅದು "ಇಲ್ಲಿ ಕುಟುಕು" ಎಂಬ ಸೂಚನೆ.

ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಖ ಊದಿತ್ತು, ಉಸಿರಿಗೆ ತೊಂದರೆ ಆಗಿರಲಿಲ್ಲ. ಸಂಜೆ ಮನೆಗೆ ಬಂದರು. ಮನೆಯವರು ಸುಣ್ಣ, ಅರಸಿನ ಅಂತ ಹೊತ್ತು ಕಳೆಯದೆ ಕಾರು ತೆಗೆದದ್ದು ಒಳ್ಳೆಯ ನಿರ್ಧಾರ. ಕುಟುಕಿದರೆ ಮುಳ್ಳನ್ನು ಉಗುರಿನಿಂದಲೋ ಯಾವುದಾದರೂ ಕಾರ್ಡಿನಿಂದಲೋ ಬೇಗ ಕೆರೆದು ತೆಗೆಯಬೇಕು. ಹೇಗೆ ತೆಗೆದೆವು ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದೆವು ಅನ್ನುವುದು ಮುಖ್ಯ, ಯಾಕೆಂದರೆ ವಿಷದ ಚೀಲ ಮುಳ್ಳಿನ ಜೊತೆ ಉಳಿದು ಇನ್ನೂ ವಿಷ ಒತ್ತುತ್ತಿರುತ್ತದೆ. ಮೈಯೆಲ್ಲ ದದ್ದು ಎದ್ದರೆ, ಗಂಟಲು ಬಿಗಿದರೆ, ಉಸಿರು ಕಟ್ಟಿದ ಹಾಗಾದರೆ, ತಲೆ ತಿರುಗಿದರೆ ಒಂದು ನಿಮಿಷವೂ ಕಾಯಬಾರದು. ಒಂದೇ ಒಂದು ನೊಣ ಕುಟುಕಿದರೂ ಕೆಲವರಿಗೆ ಹಾಗೆ ಆಗುತ್ತದೆ.

ಕೀಟನಾಶಕ ಹೊಡೆಯುವವರು ಬಂದಾಗ

ಅದೇ ದಿನ ಕೀಟ ನಿಯಂತ್ರಣದವರನ್ನು ಕರೆಸಿದರು. ಬಂದವರು ಪ್ಲೈವುಡ್‌ಗೆ ಎರಡು ತೂತು ಕೊರೆದು ಔಷಧ ಬಿಟ್ಟರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ಎಂದರು. ಮನೆಯವರು ಒಪ್ಪಿಯೇ ಬಿಟ್ಟಿದ್ದರು. ಆಗ ಸೊಸೆ ಒಂದು ಪ್ರಶ್ನೆ ಕೇಳಿದರು: ಹುಳ ಸತ್ತ ಮೇಲೆ ಒಳಗಿರುವ ತುಪ್ಪ ಏನಾಗುತ್ತದೆ?

ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಮಾತನ್ನು ಯಾರೂ ಆಡಿಲ್ಲ ಎಂದು ನನ್ನ ಅಭಿಪ್ರಾಯ. ಬಂದವರ ಹತ್ತಿರ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ, ಒಣಗುತ್ತದೆ ಎಂದರಂತೆ. ಅದು ಒಣಗುವುದಿಲ್ಲ. ಗೂಡಿನಲ್ಲಿ ಮರಿ ಇರುವ ಜಾಗವನ್ನು ಜೇನು ಸುಮಾರು 34-35 ಡಿಗ್ರಿ ಬಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ಹೊರಗೆ ಸೆಕೆ ಜಾಸ್ತಿಯಾದರೆ ನೀರು ತಂದು, ರೆಕ್ಕೆ ಬೀಸಿ ತಂಪು ಮಾಡುತ್ತದೆ. ನೊಣ ಸತ್ತರೆ ಗಾಳಿ ಹಾಕುವವರು ಯಾರೂ ಇಲ್ಲ. ಪಡುವಣ ಬಿಸಿಲು ಬೀಳುವ ಗೋಡೆ, ಮುಂದೆ ಮಾರ್ಚ್ ಏಪ್ರಿಲ್ ಬರುತ್ತದೆ. ಮೇಣ ಮೆತ್ತಗಾಗಿ ಎರಿ ಕಳಚಿ ಬೀಳುತ್ತದೆ. ತುಪ್ಪ ಗೋಡೆಯ ಉದ್ದಕ್ಕೆ ಇಳಿಯುತ್ತದೆ. ಸತ್ತ ಮರಿಗಳು ಕೊಳೆಯುತ್ತವೆ. ಇರುವೆ, ಜಿರಳೆ, ಮೇಣದ ಹುಳ ಸಾಲಾಗಿ ಬರುತ್ತವೆ. ಹೋಮ ನಡೆಯುವ ವಾರದಲ್ಲಿ ಮನೆಯಲ್ಲಿ ಆ ನಾತ. ಇನ್ನೊಂದು ಕಷ್ಟ ಮನೆಯವರಿಗೆ ಕಾಣುವುದೇ ಇಲ್ಲ: ಆಸುಪಾಸಿನ ಕುಟುಂಬಗಳ ನೊಣಗಳು ಬಂದು ವಿಷ ಬೆರೆತ ತುಪ್ಪವನ್ನು ದೋಚಿಕೊಂಡು ತಮ್ಮ ಗೂಡಿಗೆ ಒಯ್ಯುತ್ತವೆ. ಒಂದು ಗೋಡೆಗೆ ಹೊಡೆದ ಔಷಧ ಎಷ್ಟೋ ತೋಟದ ಪೆಟ್ಟಿಗೆಗಳನ್ನು ತಲುಪುತ್ತದೆ.

ಸೊಸೆ ಪಟ್ಟು ಹಿಡಿದರು. ಅಜ್ಜನೂ ಮೊದಲಿನಿಂದ ಕೊಲ್ಲುವುದು ಬೇಡ ಎಂದೇ ಹೇಳುತ್ತಿದ್ದರು. ಕೀಟನಾಶಕದವರನ್ನು ಕಳಿಸಿಕೊಟ್ಟು ಪರಿಚಯದವರ ಮೂಲಕ ನನ್ನ ನಂಬರ್ ಹುಡುಕಿದರು.

ಫೋನಿನಲ್ಲೇ ಆದ ಎರಡು ತೀರ್ಮಾನ

ಮೊದಲು ಯಾವ ಜೇನು ಅಂತ ಗೊತ್ತಾಗಬೇಕು. ಮನೆಯವರು "ಹೆಜ್ಜೇನು ಸರ್, ಅಜ್ಜಿಯನ್ನು ಕೊಂದೇ ಬಿಡುತ್ತಿತ್ತು" ಎಂದರು. ಭಯ ಆದಾಗ ಎಲ್ಲ ಜೇನೂ ಹೆಜ್ಜೇನೇ. ಆದರೆ ಹೆಜ್ಜೇನು ಪೊಟರೆಯೊಳಗೆ ಹೋಗುವುದಿಲ್ಲ. ಎತ್ತರದ ಮರ, ನೀರಿನ ಟ್ಯಾಂಕಿ, ಮಂಗಳೂರು ಮಣಿಪಾಲದ ಫ್ಲ್ಯಾಟುಗಳ ಬಾಲ್ಕನಿಯ ಅಡಿ, ಹೀಗೆ ತೆರೆದ ಜಾಗದಲ್ಲಿ ಒಂದೇ ಒಂದು ದೊಡ್ಡ ಎರಿ ತೂಗುತ್ತದೆ. ಅದಾಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ, ಕೆರಳಿದರೆ ಊರಿನ ದಾರಿಯೇ ಬಂದ್ ಆಗುತ್ತದೆ, ಹೂವಿನ ಕಾಲ ಮುಗಿದರೆ ತಾನಾಗಿ ವಲಸೆ ಹೋಗುತ್ತದೆ. ಕೋಲುಜೇನು ಗಿಡದ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುತ್ತದೆ. ಮುಜಂಟಿ ಎಂಬ ಪುಟ್ಟ ಜೇನು ಗೋಡೆಯ ಸಂದಿನಲ್ಲಿ ಇರುತ್ತದೆ ನಿಜ, ಆದರೆ ಅದಕ್ಕೆ ಕುಟುಕಲು ಬರುವುದಿಲ್ಲ, ಮೇಣ ಮತ್ತು ಅಂಟಿನಿಂದ ಮಾಡಿದ ಕೊಳವೆಯಂಥ ಬಾಯಿ ಇರುತ್ತದೆ. ಅದನ್ನು ತೆಗೆಯುವ ಅಗತ್ಯವೇ ಇಲ್ಲ, ಸುಮ್ನೆ ಇರಲು ಬಿಡಿ ಎನ್ನುತ್ತೇನೆ. ಇವರು ಕಳಿಸಿದ ವಿಡಿಯೊ ನೋಡಿದೆ. ಹೊಟ್ಟೆಯ ಮೇಲೆ ಪಟ್ಟೆ, ಮಧ್ಯಮ ಗಾತ್ರ, ಗೂಡು ಕಣ್ಣಿಗೆ ಕಾಣುವುದಿಲ್ಲ. ತುಡುವೆ.

ಎರಡನೆಯದು ಮನೆಯವರಿಗೆ ಒಪ್ಪಿಸಲು ಕಷ್ಟವಾಯಿತು. ಮುಚ್ಚಿದ ಸಂದನ್ನು ಇವತ್ತೇ ರಾತ್ರಿ ಬಿಡಿಸಿ ಎಂದೆ. ಇಷ್ಟೆಲ್ಲ ಆದ ಮೇಲೆ ಪುನಃ ಬಾಯಿ ತೆರೆಯುವುದಾ ಎಂದು ಮಗ ಕೇಳಿದರು. ಹೌದು. ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಅವು ಒಳಗೇ ಬರುತ್ತವೆ, ಬೇರೆ ದಾರಿ ಅವಕ್ಕೂ ಇಲ್ಲ. ಕತ್ತಲಾದ ಮೇಲೆ ಟಾರ್ಚಿನ ಗಾಜಿಗೆ ಕೆಂಪು ಹಾಳೆ ಕಟ್ಟಿಕೊಂಡು ಹೋಗಿ ಎಂದೆ, ಜೇನಿಗೆ ಕೆಂಪು ಬೆಳಕು ಕಾಣುವುದಿಲ್ಲ. ಎಂ-ಸೀಲ್ ಕಿತ್ತರು. ಏಸಿ ತೂತು, ಸ್ವಿಚ್ ಬೋರ್ಡಿನ ಅಂಚಿಗೆ ಒಳಗಿನಿಂದ ಟೇಪ್ ಅಂಟಿಸಿದರು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಕೋಣೆಗೆ ನೊಣ ಬರುವುದು ನಿಂತಿತು. ಮನೆಯಲ್ಲಿದ್ದ ಗಾಬರಿ ಇಳಿಯಿತು, ಯೋಚಿಸಲು ಸಮಯ ಸಿಕ್ಕಿತು. ಪ್ರಕರಣ ಸರಿದಾರಿಗೆ ತಿರುಗಿದ್ದು ಆವತ್ತೇ.

ಒಳಗಿನಿಂದಲೋ ಹೊರಗಿನಿಂದಲೋ

ನನ್ನ ಜೊತೆ ಜೇನು ಸಾಕುವ ಸ್ನೇಹಿತರೊಬ್ಬರು ಬಂದಿದ್ದರು. ಹೋದ ಮೇಲೆ ಮೊದಲು ಕಪಾಟು ಸರಿಸಿ ಪ್ಲೈವುಡ್ ಮೇಲೆ ಅಂಗೈ ಇಟ್ಟು ನೋಡಿದೆವು. ಕೆಳಗಿನ ಅರ್ಧ ತಣ್ಣಗಿತ್ತು. ಮೇಲಿನ ಎಡಭಾಗದಲ್ಲಿ ಒಂದು ಮಣೆಯಗಲದ ಜಾಗ ಮಾತ್ರ ಜ್ವರ ಬಂದ ಮೈಯಷ್ಟು ಬೆಚ್ಚಗಿತ್ತು. ಮರಿ ಇರುವುದು ಅಲ್ಲೇ. ಕಿವಿ ಇಟ್ಟರೆ ಒಂದೇ ಶ್ರುತಿಯ ಗುಂಯ್ ಸದ್ದು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸದ್ದು ಒಮ್ಮೆ ಏರಿ ಕೂಡಲೇ ಇಳಿಯುತ್ತಿತ್ತು. ರಾಣಿ ಇರುವ ಕುಟುಂಬ ಹಾಗೇ ಬೇಗ ಸುಮ್ಮನಾಗುತ್ತದೆ.

ಹೊರಗಿನಿಂದ ತೆಗೆದರೆ ನೊಣ ಮನೆಯೊಳಗೆ ಬರುವುದಿಲ್ಲ ಎಂದು ಮನೆಯವರಿಗೆ ಅದೇ ಇಷ್ಟ. ಆದರೆ ಕಿಟಕಿಯ ಕೆಳಗೆ ಜಗಲಿಯ ಹಂಚಿನ ಮಾಡು. ಹಂಚಿನ ಮೇಲೆ ನಿಂತರೆ ಒಡೆಯುತ್ತದೆ. ಏಣಿಯ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತುಪ್ಪ ತುಂಬಿದ ಎರಿ ಕತ್ತರಿಸಲು ಆಗುವುದಿಲ್ಲ. ಮುಖಕ್ಕೆ ನೊಣ ಬಂದಾಗ ಏಣಿಯಿಂದ ಬಿದ್ದವರ ಪೆಟ್ಟು ಕುಟುಕಿದ ಪೆಟ್ಟಿಗಿಂತ ದೊಡ್ಡದು. ಹಾಗಾಗಿ ಒಳಗಿನಿಂದಲೇ ಎಂದು ತೀರ್ಮಾನಿಸಿದೆವು. ಕೋಣೆ ಪೂರ್ತಿ ಕತ್ತಲೆ ಮಾಡುವುದು, ಬಾಗಿಲ ಅಡಿಗೆ ಒದ್ದೆ ಬಟ್ಟೆ ತುರುಕುವುದು, ಕೋಣೆಯ ವಿದ್ಯುತ್ ತೆಗೆಯುವುದು, ಪ್ಲೈವುಡ್ ತೆಗೆದ ಮೇಲೆ ಹೊರಗಿನ ಮರದ ಬಾಗಿಲನ್ನು ಸ್ವಲ್ಪ ತೆರೆಯುವುದು. ಹಾರುವ ನೊಣ ಬೆಳಕು ಇರುವ ಕಡೆ, ಅಂದರೆ ಹೊರಗೆ ಹೋಗುತ್ತದೆ.

ಹೊತ್ತು ಸಂಜೆ ನಾಲ್ಕರ ನಂತರ ಎಂದು ಇಟ್ಟುಕೊಂಡೆವು. ಬೆಳಕು ಇರುವಾಗ ಎರಿ ಕಟ್ಟಿ ಮುಗಿಯಬೇಕು, ಕತ್ತಲಾಗುವಾಗ ಹೊರಗಿನ ನೊಣವೆಲ್ಲ ನಾವು ತಂದ ಜೇನು ಪೆಟ್ಟಿಗೆ ಸೇರಬೇಕು. ಹಟ್ಟಿಯ ದನ ಕರುವನ್ನು ತೋಟದ ಆ ಕಡೆಯ ಮೂಲೆಗೆ ಕಟ್ಟಿಸಿದೆವು. ಜೇನು ಎದ್ದಾಗ ಮನುಷ್ಯರು ಓಡುತ್ತಾರೆ, ಹಗ್ಗದಲ್ಲಿ ಕಟ್ಟಿದ ದನಕ್ಕೆ ಓಡಲು ಆಗುವುದಿಲ್ಲ. ಇದನ್ನು ಮರೆಯುವವರು ತುಂಬಾ ಜನ. ಅಕ್ಕಪಕ್ಕದ ಮನೆಗಳಿಗೂ ಮಕ್ಕಳನ್ನು ಒಳಗೆ ಇಟ್ಟುಕೊಳ್ಳಿ ಎಂದು ಹೇಳಿ ಬಂದೆವು.

ತೆಗೆದ ಸಂಜೆ

ಹೊಗೆತಿದಿಯಲ್ಲಿ (ಒತ್ತಿ ಹೊಗೆ ಬಿಡುವ ಡಬ್ಬಿ) ತೆಂಗಿನ ನಾರು ಹಾಕಿ ತಣ್ಣನೆಯ ಹೊಗೆ ಬರುವಂತೆ ಮಾಡಿಕೊಂಡೆವು. ಕೈಗೆ ತಾಗಿದರೆ ಬಿಸಿ ಅನಿಸದ ಹೊಗೆ. ಅದನ್ನು ನಾಲ್ಕೈದು ಸಲ ಒತ್ತಿ ಸ್ವಲ್ಪ ಹೊತ್ತು ಕಾಯಬೇಕು.

ಪ್ಲೈವುಡ್‌ನ ಮೊಳೆ ಬಿಡಿಸಿ ಒಮ್ಮೆಲೇ ಎಳೆಯುವ ಹಾಗಿಲ್ಲ. ಎರಿಗಳ ಅಂಚು ಅದಕ್ಕೆ ಅಂಟಿಕೊಂಡಿರುತ್ತದೆ, ಎಳೆದರೆ ಎಲ್ಲ ಹರಿದು ಬೀಳುತ್ತದೆ. ಒಂದು ತೆಳ್ಳಗಿನ ತಂತಿಯನ್ನು ಮೇಲಿನ ಸಂದಿನಿಂದ ಇಳಿಸಿ, ಇಬ್ಬರು ಎರಡು ತುದಿ ಹಿಡಿದು ಗರಗಸದ ಹಾಗೆ ಆಚೆ ಈಚೆ ಆಡಿಸುತ್ತ ಕೆಳಗೆ ತಂದೆವು. ಒಂದೊಂದು ಎರಿಯ ಅಂಚು ಕತ್ತರಿಸಿದಾಗಲೂ ತಂತಿ ಸ್ವಲ್ಪ ಸಡಿಲವಾಗುವುದು ಕೈಗೆ ಗೊತ್ತಾಗುತ್ತಿತ್ತು. ಏಳು ಸಲ ಹಾಗಾಯಿತು. ಪ್ಲೈವುಡ್ ತೆಗೆದಾಗ ಏಳು ಎರಿ, ದಾರಂದದ ಮೇಲಿನ ಮರದಿಂದ ಸಾಲಾಗಿ ಇಳಿದಿದ್ದವು. ನಡುವಿನವು ಮೊಣಕೈ ಉದ್ದ ಇದ್ದವು. ಎರಡು ತಿಂಗಳಲ್ಲಿ ಅಷ್ಟು.

ತುದಿಯ ಎರಿಗಳಲ್ಲಿ ಮೇಲಿನಿಂದ ಕೆಳಗೆ ತುಪ್ಪ, ಬಿಳಿ ಮುಚ್ಚಳ ಹಾಕಿದ್ದು. ನಡುವಿನ ನಾಲ್ಕರಲ್ಲಿ ಮೇಲೆ ತುಪ್ಪ, ಅದರ ಕೆಳಗೆ ಹಳದಿ ಕೇಸರಿ ಬಣ್ಣದ ಪರಾಗದ ಪಟ್ಟಿ, ಕೆಳಗೆ ಕಂದು ಮುಚ್ಚಳದ ಮರಿಗಳು. ಒಂದೊಂದನ್ನೇ ಬುಡದಲ್ಲಿ ಕತ್ತರಿಸಿ, ಕೈಯಲ್ಲಿ ತೂಕ ತೆಗೆದುಕೊಂಡು, ಮೇಲಿನ ತುಪ್ಪದ ಭಾಗ ಬೇರೆ ಮಾಡಿದೆವು. ತುಪ್ಪದ ಭಾರ ಇದ್ದರೆ ಎರಿ ಪೆಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ, ಜಾರಿದರೆ ನೊಣ ತುಪ್ಪದಲ್ಲೇ ಮುಳುಗಿ ಸಾಯುತ್ತವೆ. ಮರಿ ಇರುವ ಭಾಗವನ್ನು ಚೌಕಟ್ಟಿನ ಮೇಲ್ಪಟ್ಟಿಗೆ ತಾಗಿಸಿ, ಮೊದಲು ಯಾವುದು ಮೇಲಿತ್ತೋ ಅದೇ ಮೇಲಿರುವಂತೆ ಇಟ್ಟು, ನೆನೆಸಿದ ಬಾಳೆ ನಾರಿನಿಂದ ಕಟ್ಟಿದೆವು. ನಾರು ಯಾಕೆ, ದಾರ ಆಗದಾ ಎಂದು ಅಜ್ಜ ಬಾಗಿಲಾಚೆಯಿಂದ ಕೇಳಿದರು. ಜೇನು ಎರಿಯನ್ನು ಮೇಣದಿಂದ ಅಂಟಿಸಿಕೊಂಡ ಮೇಲೆ ಬಾಳೆ ನಾರನ್ನು ತಾನೇ ಕಚ್ಚಿ ಹೊರಗೆ ಹಾಕುತ್ತದೆ. ಪ್ಲಾಸ್ಟಿಕ್ ದಾರವಾದರೆ ಎಷ್ಟೋ ದಿನ ಅದರ ಜೊತೆ ಗುದ್ದಾಡುತ್ತದೆ.

ತುಡುವೆಗೆ ಎರಿಯ ಮೇಲೆ ನಿಲ್ಲುವ ತಾಳ್ಮೆ ಕಡಿಮೆ. ನಾಲ್ಕನೆ ಎರಿ ತೆಗೆಯುವ ಹೊತ್ತಿಗೆ ಬಹುಪಾಲು ನೊಣ ಎರಿ ಬಿಟ್ಟು ಕಿಟಕಿಯ ಬಲಮೂಲೆಗೆ ಓಡಿ ಗೊಂಚಲು ಕಟ್ಟಿತ್ತು. ರಾಣಿ ಅಲ್ಲೇ ಇರಬೇಕು. ಒಂದು ಅಗಲ ಬಾಯಿಯ ಪಾತ್ರೆ ಹಿಡಿದು, ಮೆತ್ತಗಿನ ಬ್ರಷ್‌ನಿಂದ ಗೊಂಚಲನ್ನು ಇಳಿಸಿ ಪೆಟ್ಟಿಗೆಯ ಸಂಸಾರ ಕೋಣೆಗೆ, ಅಂದರೆ ಮರಿ ಸಾಕುವ ಭಾಗಕ್ಕೆ, ಸುರಿದೆವು. ರಾಣಿ ಕಣ್ಣಿಗೆ ಬೀಳಲಿಲ್ಲ. ಅದನ್ನು ಹುಡುಕುತ್ತ ಗೊಂಚಲು ಕೆದಕುವುದಕ್ಕಿಂತ ನೊಣಗಳೇ ಹೇಳಲಿ ಎಂದು ಕಾದೆವು. ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆಯ ಬಾಯಿಯಲ್ಲಿ ಹತ್ತಾರು ನೊಣ ಸಾಲಾಗಿ ನಿಂತು, ತಲೆ ತಗ್ಗಿಸಿ, ಹಿಂಭಾಗ ಎತ್ತಿ ರೆಕ್ಕೆ ಬೀಸತೊಡಗಿದವು. "ಇಲ್ಲಿದೆ ಮನೆ" ಎಂದು ವಾಸನೆ ಹರಡುವ ರೀತಿ ಅದು. ಗೋಡೆಯಲ್ಲಿ ಉಳಿದಿದ್ದವೂ ಮೆಲ್ಲಗೆ ನಡೆದು ಬಂದು ಪೆಟ್ಟಿಗೆ ಸೇರಲು ಶುರು ಮಾಡಿದವು. ರಾಣಿ ಒಳಗಿದೆ ಎಂದು ಆಗ ಖಾತ್ರಿಯಾಯಿತು. ಬಾಯಿಗೆ ರಾಣಿ ಗೇಟು ಹಾಕಿದೆವು. ಅದರ ಸಂದಿನಿಂದ ಕೆಲಸಗಾರ ನೊಣ ಓಡಾಡಬಹುದು, ರಾಣಿಗೆ ಹೊರಗೆ ಬರಲು ಆಗುವುದಿಲ್ಲ.

ಪೆಟ್ಟಿಗೆಯನ್ನು ಅದೇ ಕಿಟಕಿಯಲ್ಲಿ, ಹಳೆ ಸಂದಿನ ಪಕ್ಕಕ್ಕೇ ಬಾಯಿ ಬರುವಂತೆ ಕತ್ತಲಾಗುವವರೆಗೆ ಇಟ್ಟೆವು. ಹೂವಿಗೆ ಹೋದ ನೊಣಗಳು ಬಂದು ಸೇರಿದವು. ಕತ್ತಲಾದ ಮೇಲೆ ಬಾಯಿ ಪೂರ್ತಿ ಮುಚ್ಚಿ, ಜೀಪಿನಲ್ಲಿ ಹೆಬ್ರಿ ಕಡೆಯ ಒಂದು ತೋಟಕ್ಕೆ ಒಯ್ದೆವು. ಅದೇ ಮನೆಯ ತೋಟದಲ್ಲಿ ಇಡಬಹುದಲ್ವಾ ಎಂದು ಮಗನಿಗೆ ಆಸೆ ಇತ್ತು. ಎರಡು ಮೂರು ಕಿಲೋಮೀಟರಿಗಿಂತ ಹತ್ತಿರ ಇಟ್ಟರೆ ಹೂವಿಗೆ ಹೋದ ನೊಣ ದಾರಿ ಗುರುತು ಹಿಡಿದು ಹಳೆ ಕಿಟಕಿಗೇ ವಾಪಸ್ ಬರುತ್ತದೆ.

ತುಪ್ಪದ ವಿಷಯದಲ್ಲಿ ಸ್ವಲ್ಪ ಮಾತುಕತೆ ಆಯಿತು. ಮನೆಯಲ್ಲಿ ಸಿಕ್ಕ ಜೇನು ಪೂಜೆಗೆ ಬಳಸಬೇಕು ಎಂದು ಅಜ್ಜಿಗೆ ತುಂಬಾ ಆಸೆ ಇತ್ತು, ಉಪನಯನವೂ ಹತ್ತಿರ. ಆದರೆ ಸೊಳ್ಳೆ ಸ್ಪ್ರೇ ಹೊಡೆದ ಗೂಡು ಅದು. ಎಷ್ಟು ಒಳಗೆ ಹೋಗಿದೆ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ತಿನ್ನುವುದು ಬೇಡ, ಜೇನಿಗೆ ವಾಪಸ್ ಕೊಡುವುದೂ ಬೇಡ ಎಂದೆ. ತುಪ್ಪದ ಎರಿಗಳನ್ನೆಲ್ಲ ತೋಟದಲ್ಲಿ ಆಳಕ್ಕೆ ಹೂತೆವು. ಹೊರಗೆ ಎಸೆದಿದ್ದರೆ ಬೇರೆ ಕುಟುಂಬದ ನೊಣ ಬಂದು ಮುತ್ತುತ್ತಿದ್ದವು. ಅಷ್ಟು ಒಳ್ಳೆಯ ತುಪ್ಪವನ್ನು ಮಣ್ಣಿಗೆ ಹಾಕುವುದು ನೋಡಿ ಅಜ್ಜಿ ಒಳಗೆ ಹೋಗಿಬಿಟ್ಟರು. ನನಗೂ ಸಂಕಟವೇ ಆಯಿತು.

ಆಮೇಲಿನ ದಿನಗಳು

ಮಾರನೇ ದಿನ ಕಿಟಕಿಯ ಹತ್ತಿರ ಇನ್ನೂ ಒಂದು ಮುಷ್ಟಿಯಷ್ಟು ನೊಣ ಸುತ್ತುತ್ತಿವೆ ಎಂದು ಫೋನ್ ಬಂತು. ರಾತ್ರಿ ಹೊರಗೆ ಉಳಿದವು ಅವು. ರಾಣಿ ಇಲ್ಲ, ಮರಿ ಇಲ್ಲ, ಕಾಯಲು ಏನೂ ಇಲ್ಲದ ಕಾರಣ ಕುಟುಕುವ ಉತ್ಸಾಹವೂ ಕಡಿಮೆ. ಕೆಲವು ದಿನದಲ್ಲಿ ಕರಗಿಹೋಗುತ್ತವೆ, ಏನೂ ಹೊಡೆಯಬೇಡಿ ಎಂದೆ. ಹಾಗೇ ಆಯಿತು.

ಪೆಟ್ಟಿಗೆಯನ್ನು ತೋಟದ ಬೇರೆ ಪೆಟ್ಟಿಗೆಗಳಿಂದ ದೂರ ಇಟ್ಟಿದ್ದೆವು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಖಾಲಿ ಮಾಡಿತ್ತು. ನಮ್ಮ ಕಡೆಯ ಹಳೆಯ ಜೇನು ಕೃಷಿಕರು ಆ ಕಾಲ ನೆನೆದರೆ ಈಗಲೂ ಮಾತು ನಿಲ್ಲಿಸುತ್ತಾರೆ. ಎಲ್ಲಿಂದಲೋ ತಂದ ಕುಟುಂಬವನ್ನು ಮರಿಗಳ ಸ್ಥಿತಿ ನೋಡದೆ ಬೇರೆಯವುಗಳ ಜೊತೆ ಇಡಬಾರದು. ಮರಿಗಳು ಬಿಳಿಯಾಗಿ, ಆರೋಗ್ಯವಾಗಿ ಇದ್ದವು.

ತುಡುವೆ ಜಾಗ ಇಷ್ಟವಾಗದಿದ್ದರೆ ಎಲ್ಲ ಬಿಟ್ಟು ಹೊರಟುಬಿಡುವ ಜೇನು. ಹಾಗಾಗಿ ಸಕ್ಕರೆ ಪಾಕ ಕೊಟ್ಟೆವು, ಗೇಟು ಹಾಗೇ ಇಟ್ಟೆವು. ಬಾಯಿಯಲ್ಲಿ ಬಾಳೆ ನಾರಿನ ಚೂರು ಬಿದ್ದಿರುವುದು, ಕಾಲಿಗೆ ಪರಾಗ ಕಟ್ಟಿಕೊಂಡು ನೊಣ ಒಳಗೆ ಹೋಗುವುದು ಎರಡೂ ಕಂಡ ಮೇಲೆ ಗೇಟು ತೆಗೆದೆವು. ಪರಾಗ ತರುವುದು ಮರಿಗಳಿಗಾಗಿ. ಮರಿ ಸಾಕುವ ಕುಟುಂಬ ಸುಲಭದಲ್ಲಿ ಬಿಟ್ಟು ಹೋಗುವುದಿಲ್ಲ. ಆಚೀಚೆ ರಬ್ಬರ್ ತೋಟಗಳಲ್ಲಿ ಮಕರಂದ ಒಸರುವ ಹೊಸ ಚಿಗುರು ಬರುವ ಕಾಲ ಕೂಡ ಅದೇ ಆದ್ದರಿಂದ ಆಹಾರಕ್ಕೆ ಕೊರತೆ ಆಗಲಿಲ್ಲ. ಇದೇ ಕರೆ ಜುಲೈಯಲ್ಲಿ ಬಂದಿದ್ದರೆ, ಬೇರೆ ಅಪಾಯ ಇಲ್ಲದಿದ್ದರೆ, ಮಳೆ ಕಳೆಯುವವರೆಗೆ ಕಾಯೋಣ ಎನ್ನುತ್ತಿದ್ದೆ. ನಮ್ಮ ಮಳೆಗಾಲದಲ್ಲಿ ತುಪ್ಪ ಕಳೆದುಕೊಂಡ ಕುಟುಂಬ ಬದುಕುವುದು ತುಂಬಾ ಕಷ್ಟ.

ಕಿಟಕಿ

ಜೇನು ಹೋಯಿತು ಎಂದು ಮನೆಯವರ ಮಟ್ಟಿಗೆ ಕೆಲಸ ಮುಗಿದಿತ್ತು. ಅದೇ ಪ್ಲೈವುಡ್ ತಿರುಗಿ ಹೊಡೆಯಲು ಬಡಗಿಯನ್ನೂ ಕರೆಸಿದ್ದರು. ಇಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಮೇಣದ ವಾಸನೆ ಮರಕ್ಕೆ ಹತ್ತಿದ ಖಾಲಿ ಪೊಟರೆ ಮುಂದಿನ ಡಿಸೆಂಬರಿನಲ್ಲಿ ಜಾಗ ಹುಡುಕುವ ನೊಣಕ್ಕೆ ಮೊದಲು ಸಿಗುವ ಜಾಗ. ಈಗ ತೆಗೆದದ್ದು ಒಂದು ಕುಟುಂಬವನ್ನು ಮಾತ್ರ, ಗೂಡು ಕಟ್ಟುವ ಜಾಗ ಹಾಗೇ ಇದೆ. ಮನೆಯಿಂದ ಜೇನು ತೆಗೆಸುವವರು ಸಾಮಾನ್ಯವಾಗಿ ನೊಣದ ಕಡೆಗೇ ನೋಡುತ್ತಾರೆ. ಸ್ಪ್ರೇ, ಹೊಗೆ, ಔಷಧ ಎಲ್ಲದರ ಗುರಿ ನೊಣವೇ. ನನ್ನ ಅನುಭವದಲ್ಲಿ ತೊಂದರೆ ಉಳಿಯುವುದು ಎರಿಯಿಂದ ಮತ್ತು ಖಾಲಿ ಜಾಗದಿಂದ.

ಮರದ ಮೇಲಿನ ಮೇಣವನ್ನೆಲ್ಲ ಕೆರೆಸಿ, ಬಿಸಿ ಸೋಪು ನೀರಿನಲ್ಲಿ ಎರಡು ಸಲ ಒರೆಸಿ, ಒಣಗಿದ ಮೇಲೆ ಕಿಟಕಿಯ ಜಾಗಕ್ಕೆ ಕೆಂಪುಕಲ್ಲು ಕಟ್ಟಿಸಿ ಗಾರೆ ಮಾಡಿಸಿದರು. ಹೊರಗಿನ ಹಳೆ ಮರದ ಬಾಗಿಲನ್ನು ಅಂದಕ್ಕಾಗಿ ಹಾಗೇ ಉಳಿಸಿಕೊಂಡರು, ಹಿಂದೆ ಸಂದು ಇಲ್ಲದಂತೆ. ಏಸಿ ಪೈಪಿನ ತೂತಿಗೂ ಸಿಮೆಂಟು ತುಂಬಿಸಿದರು. ಒಬ್ಬ ಮೇಸ್ತ್ರಿಯ ಕೆಲಸ, ಉಪನಯನದ ಖರ್ಚಿನ ನಡುವೆ ಲೆಕ್ಕಕ್ಕೇ ಬರದಷ್ಟು. ಉಪನಯನ ಆ ಅಂಗಳದಲ್ಲೇ ನಡೆಯಿತು.

ಮುಂದಿನ ಡಿಸೆಂಬರಿನಲ್ಲಿ ಮಗ ಒಂದು ವಿಡಿಯೊ ಕಳಿಸಿದರು. ಹತ್ತಿಪ್ಪತ್ತು ನೊಣ ಅದೇ ಮರದ ಬಾಗಿಲಿನ ಕೆಳಮೂಲೆಯನ್ನು ಮೂಸಿ ಮೂಸಿ ನೋಡುತ್ತಿದ್ದವು. ಕೆಲವು ದಿನ ಬಂದವು, ಒಳಗೆ ಜಾಗ ಸಿಗದೆ ಹೋದವು. ಆ ವಾರದಲ್ಲೇ ಪಕ್ಕದ ಮನೆಯ ಪಂಪ್‌ಸೆಟ್ಟಿನ ಹಳೆ ಸ್ವಿಚ್ ಪೆಟ್ಟಿಗೆಗೆ ಒಂದು ಪಾಲು ಬಂದು ಸೇರಿತು. ಆ ಮನೆಯವರು ಏನೂ ಹೊಡೆಯಲಿಲ್ಲ, ಏನೂ ಮುಚ್ಚಲಿಲ್ಲ. ಸೊಸೆ ಹೇಳಿಕೊಟ್ಟ ಹಾಗೆ ಪಂಪಿನ ಮೇನ್ ಆಫ್ ಮಾಡಿ, ದನ ಬೇರೆ ಕಡೆ ಕಟ್ಟಿ, ಮಾರನೇ ದಿನವೇ ಫೋನ್ ಮಾಡಿದರು. ನಾವು ಹೋಗುವಾಗ ಒಳಗೆ ಅಂಗೈಗಿಂತ ಸಣ್ಣದಾದ ಒಂದೇ ಬಿಳಿ ಎರಿ ಇತ್ತು, ಮರಿ ಇರಲಿಲ್ಲ, ತುಪ್ಪವೂ ಇರಲಿಲ್ಲ. ಎರಿಯನ್ನು ಒಂದು ಚೌಕಟ್ಟಿಗೆ ಕಟ್ಟಿ, ಗೊಂಚಲನ್ನು ಪೆಟ್ಟಿಗೆಗೆ ಇಳಿಸಿದೆವು. ಕತ್ತಲಾಗುವುದಕ್ಕೆ ಕಾದದ್ದೇ ಆವತ್ತಿನ ದೊಡ್ಡ ಕೆಲಸ. ಸ್ವಿಚ್ ಪೆಟ್ಟಿಗೆಯ ಕೇಬಲ್ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದನ್ನು ನಾವು ಅಲ್ಲಿರುವಾಗಲೇ ಮುಗಿಸಿದರು.